ಭಯದ ಪಟ್ಟಿಯನ್ನು ಬರೆಯುವವರು ಯಾರು?

ನಮ್ಮ ಯಾವುದಾದರೊಂದು ಮೊಹಲ್ಲಾದಲ್ಲಿ ಮೊಬೈಲ್ ಗೋಪುರ ಏಳಲಿದೆ ಎಂಬ ಸುದ್ದಿ ಹರಡಿತೆಂದು ಭಾವಿಸೋಣ. ಆ ವಾರವೇ ಹಿರಿಯರು ಸಭೆ ಸೇರುತ್ತಾರೆ. ಮನವಿ ಪತ್ರ ಸಿದ್ಧವಾಗುತ್ತದೆ. ಗೋಪುರದಿಂದ ಹೊರಡುವ ವಿಕಿರಣದಿಂದ ಕ್ಯಾನ್ಸರ್ ಬರುತ್ತದೆ, ಗರ್ಭಿಣಿಯರಿಗೆ ತೊಂದರೆಯಾಗುತ್ತದೆ ಎಂಬ ಆತಂಕ ಮನೆಮನೆಗೂ ಹಬ್ಬುತ್ತದೆ. ಆ ಸಭೆ ನಡೆಯುತ್ತಿರುವ ಹೊತ್ತಿನಲ್ಲೇ ಹೊರಗಿನ ರಸ್ತೆಯಲ್ಲಿ ಹದಿನಾಲ್ಕರ ಹುಡುಗನೊಬ್ಬ ಹೆಲ್ಮೆಟ್ ಇಲ್ಲದೆ, ಹಿಂದೆ ಇಬ್ಬರು ತಮ್ಮಂದಿರನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಹಾದು ಹೋಗುತ್ತಾನೆ. ಸಭೆಯಲ್ಲಿದ್ದವರಲ್ಲಿ ಕೆಲವರು ಅವನನ್ನು ನೋಡುತ್ತಾರೆ. ಯಾರೂ ಏಳುವುದಿಲ್ಲ.

ಕೇಂದ್ರ ಸರಕಾರದ ಲೆಕ್ಕದ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳಕೊಂಡರು. ಅಂದರೆ ದಿನವೊಂದಕ್ಕೆ ಸುಮಾರು 460 ಮಂದಿ. ಇವರ ಪೈಕಿ ಹೆಲ್ಮೆಟ್ ಧರಿಸದೆ ಸತ್ತವರೇ 50 ಸಾವಿರ. ಇನ್ನು ಅಡುಗೆಮನೆಯ ಹೊಗೆ. ಕಟ್ಟಿಗೆ, ಬೆರಣಿ, ಇದ್ದಿಲುಗಳ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಮಂದಿ ಸತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಐದು ವರ್ಷದೊಳಗಿನ ಎರಡು ಲಕ್ಷಕ್ಕೂ ಮಿಕ್ಕಿದ ಮಕ್ಕಳು ಇವರಲ್ಲಿದ್ದಾರೆ. ಒಲೆಯ ಹೊಗೆಯ ವಿರುದ್ಧ ಮನವಿ ಪತ್ರ ಬರೆದ ಮೊಹಲ್ಲಾ ಎಲ್ಲಾದರೂ ಇದೆಯೇ?

ಗೋಪುರದ ಬಗ್ಗೆ ಪ್ರಶ್ನೆ ಕೇಳಬಾರದು ಎಂಬುದು ಈ ಮಾತಿನ ಅರ್ಥವಲ್ಲ. ಕೇಳಬೇಕು. ಆದರೆ ಅದಕ್ಕಿಂತ ಮೊದಲು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಸಾವಿರಾರು ಅಪಾಯಗಳ ನಡುವೆ ಬದುಕುತ್ತಿರುವ ನಾವು ಅವುಗಳಲ್ಲಿ ಕೆಲವನ್ನು ಮಾತ್ರ ಆರಿಸಿ ಹೆದರುತ್ತೇವೆ. ಉಳಿದವುಗಳ ಜೊತೆ ಹಾಯಾಗಿ ಬಾಳುತ್ತೇವೆ. ಈ ಆಯ್ಕೆಯನ್ನು ಮಾಡುವವರು ಯಾರು? ಅಪಾಯದ ಗಾತ್ರವೇ ಇದನ್ನು ನಿರ್ಧರಿಸುವುದಾಗಿದ್ದರೆ ಆ ಹುಡುಗನ ಸ್ಕೂಟರ್ ಎಂದೋ ನಿಂತಿರಬೇಕಿತ್ತು.

ಮೇರಿ ಡಗ್ಲಸ್ ಎಂಬ ಬ್ರಿಟಿಷ್ ಮಾನವಶಾಸ್ತ್ರಜ್ಞೆ ಅಮೆರಿಕದ ರಾಜ್ಯಶಾಸ್ತ್ರಜ್ಞ ಆರನ್ ವಿಲ್ಡಾವ್ಸ್ಕಿಯವರ ಜೊತೆಗೂಡಿ 1982ರಲ್ಲಿ ಇದೇ ಪ್ರಶ್ನೆಯ ಕುರಿತು ಒಂದು ಗ್ರಂಥ ರಚಿಸಿದರು. ಆಕೆ ಕಾಂಗೋ ದೇಶದ ಕಸಾಯಿ ಪ್ರದೇಶದ ಲೇಲೆ ಎಂಬ ಜನಾಂಗದ ನಡುವೆ ವಾಸಿಸಿ ಅಧ್ಯಯನ ನಡೆಸಿದ್ದವರು. ಉಷ್ಣವಲಯದ ಭೀಕರ ರೋಗಗಳೆಲ್ಲವೂ ಲೇಲೆಗಳನ್ನು ಕಾಡುತ್ತಿದ್ದವು. ಆದರೆ ಅವರು ಮುಖ್ಯವಾಗಿ ಭಯಪಡುತ್ತಿದ್ದುದು ಮೂರಕ್ಕೆ: ಸಿಡಿಲು, ಬಂಜೆತನ ಮತ್ತು ಶ್ವಾಸನಾಳದ ಉರಿಯೂತ. ಯಾಕೆ ಈ ಮೂರೇ? ಇವು ಬಡಿದಾಗ ಊರಿನ ಯಾರದೋ ಮೇಲೆ, ಹೆಚ್ಚಾಗಿ ಪ್ರಭಾವಿ ಹಿರಿಯನೊಬ್ಬನ ಮೇಲೆ ತಪ್ಪು ಹೊರಿಸಲು ಅವರ ಸಮಾಜದಲ್ಲಿ ದಾರಿಯಿತ್ತು. ಅಪಾಯ ನಿಜವೇ. ಸಿಡಿಲು ಬಡಿಯುತ್ತಿತ್ತು, ಜನ ಸಾಯುತ್ತಿದ್ದರು. ಆದರೆ ನೂರು ನಿಜ ಅಪಾಯಗಳಲ್ಲಿ ಯಾವುದಕ್ಕೆ ಹೆದರಬೇಕು ಎಂಬುದನ್ನು ಆರಿಸುತ್ತಿದ್ದುದು ಆ ಸಮಾಜದ ಒಳಗಿನ ಸಂಬಂಧಗಳು, ನಂಬಿಕೆ-ಅಪನಂಬಿಕೆಗಳು, ದೂರು-ದುಮ್ಮಾನಗಳು.

ಲೇಲೆಗಳ ಕತೆ ಕೇಳಿ ನಾವು ನಗಬೇಕಾಗಿಲ್ಲ. ಹದಿನಾಲ್ಕನೇ ಶತಮಾನದಲ್ಲಿ ಯುರೋಪನ್ನು ಪ್ಲೇಗ್ ಕಾಡಿದಾಗ ಯಹೂದಿಯರು ಬಾವಿಗೆ ವಿಷ ಬೆರೆಸಿದ್ದಾರೆಂಬ ವದಂತಿ ಹಬ್ಬಿತು. 1349ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಅವರನ್ನು ಸಾಮೂಹಿಕವಾಗಿ ಸುಡಲಾಯಿತು. ನಮ್ಮದೇ ದೇಶದಲ್ಲಿ 2020ರ ಎಪ್ರಿಲ್‌ನಲ್ಲಿ ಒಂದು ವೈರಾಣುವಿಗೆ ಒಂದು ಧರ್ಮವನ್ನು ಅಂಟಿಸಲಾಯಿತು. ತರಕಾರಿ ಮಾರುವವನ ಹೆಸರು ಕೇಳಿ ಗಾಡಿಯನ್ನು ಹಿಂದಕ್ಕೆ ಕಳಿಸಿದ ಬೀದಿಗಳನ್ನು ನಾವು ನೋಡಿದ್ದೇವೆ. ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಿದಂತೆ ಕಾಣುತ್ತದೆಂಬ ಅಭಿಪ್ರಾಯ ವ್ಯಕ್ತಪಡಿಸಿತು. ಇನ್ನೊಬ್ಬರ ಭಯ ನಮ್ಮ ಮೇಲೆ ಎರಗಿದಾಗ ಅದರ ಅನ್ಯಾಯ ನಮಗೆ ತಕ್ಷಣ ಕಾಣುತ್ತದೆ. ಆದರೆ ನಮ್ಮ ಸ್ವಂತ ಭಯಗಳನ್ನು ನಾವು ಅಷ್ಟೇ ನಿಷ್ಠುರವಾಗಿ ಪರೀಕ್ಷಿಸುತ್ತೇವೆಯೇ?

ಇಲ್ಲಿ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಒಂದರಲ್ಲಿ, ಹೆದರಬೇಕಾದುದಕ್ಕೆ ಸಮಾಜ ಹೆದರಲಿಲ್ಲ. ಇನ್ನೊಂದರಲ್ಲಿ, ಹೆದರಬಾರದುದಕ್ಕೆ ಹೆದರಿತು.

ಮೊದಲನೆಯದು ನಮ್ಮ ಮನೆಯಂಗಳದ ಕತೆ. ಕಾಸರಗೋಡಿನ ಎಣ್ಮಕಜೆ, ಪೆರಿಯ, ಮುಳಿಯಾರು ಮುಂತಾದ ಊರುಗಳ ಗುಡ್ಡಗಳ ಮೇಲೆ ಕೇರಳದ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್‌ಗೆ ಸೇರಿದ ಗೇರು ತೋಟಗಳಿವೆ. ಗೇರಿನ ಚಿಗುರು ಮತ್ತು ಹೂವನ್ನು ಒಣಗಿಸುವ ಟೀ ಸೊಳ್ಳೆಯ ಕಾಟವನ್ನು ತಡೆಯಲು ಈ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಮುಂತಾದ ಗ್ರಾಮಗಳ ಆಸುಪಾಸಿನಲ್ಲಿ ಕರ್ನಾಟಕದ ಗೇರು ಅಭಿವೃದ್ಧಿ ನಿಗಮವೂ ಇದನ್ನೇ ಮಾಡಿತು. ತೋಟ ಗುಡ್ಡದ ಮೇಲೆ, ಮನೆಗಳು ಬುಡದಲ್ಲಿ. ಮಳೆ ಬಂದರೆ ಮೇಲಿನದ್ದೆಲ್ಲ ಕೆಳಗೆ ಇಳಿಯುತ್ತದೆ. ಕುಡಿಯುವ ನೀರಿಗೆ ಇಲ್ಲಿನ ಜನ ನೆಚ್ಚಿಕೊಂಡದ್ದು ತೆರೆದ ಬಾವಿ, ತೋಡು ಮತ್ತು ಗುಡ್ಡವನ್ನು ಕೊರೆದು ಮಾಡಿದ ಸುರಂಗಗಳನ್ನು.

ಮೊದಲು ಅಪಾಯವನ್ನು ಕಂಡವರು ಯಾರು? ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳನ್ನು ಕಂಡ ಕೃಷಿಕರು. ಸತ್ತುಬಿದ್ದ ಜೇನ್ನೊಣಗಳನ್ನು ಕಂಡವರು. ಮಗು ಯಾಕೆ ನಡೆಯುತ್ತಿಲ್ಲ, ತಲೆ ಯಾಕೆ ಇಷ್ಟು ದೊಡ್ಡದಾಗುತ್ತಿದೆ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ತಾಯಂದಿರು. ಪತ್ರಕರ್ತ ಶ್ರೀ ಪಡ್ರೆ ಇದರ ಬಗ್ಗೆ ಆರಂಭದ ದಿನಗಳಲ್ಲೇ ಬರೆದರು. ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಅಸಹಜವಾದುದನ್ನು ಗುರುತಿಸಿ ಸಹವೈದ್ಯರ ಗಮನಕ್ಕೆ ತಂದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಇಷ್ಟಾದರೂ ದೇಶ ಹೆದರಲಿಲ್ಲ. ಸಮಿತಿಗಳು ಬಂದವು, ವರದಿ ಕೊಟ್ಟವು. ಕಾಯಿಲೆಗಳಿಗೂ ಕೀಟನಾಶಕಕ್ಕೂ ಸಂಬಂಧವಿಲ್ಲ ಎಂದು ಕೆಲವು ಹೇಳಿದವು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪಡ್ರೆಯ ಶಾಲಾ ಮಕ್ಕಳನ್ನು ಪರೀಕ್ಷಿಸಿ, ಸಿಂಪಡಣೆ ನಡೆಯದ ಊರಿನ ಮಕ್ಕಳಿಗೆ ಹೋಲಿಸಿದರೆ ಇವರಲ್ಲಿ ಆರೋಗ್ಯದ ಏರುಪೇರು ಹೆಚ್ಚಿದೆ ಎಂದಿತು.

2011ರ ಎಪ್ರಿಲ್‌ನಲ್ಲಿ ಜಿನೀವಾದಲ್ಲಿ ನಡೆದ ಸ್ಟಾಕ್‌ಹೋಮ್ ಒಪ್ಪಂದದ ಸಭೆಯು ಎಂಡೋಸಲ್ಫಾನನ್ನು ಜಾಗತಿಕವಾಗಿ ಕೈಬಿಡಬೇಕಾದ ವಿಷಗಳ ಪಟ್ಟಿಗೆ ಸೇರಿಸಿತು. ಆ ವರ್ಷ ಮೇ 13ರಂದು ಸುಪ್ರೀಮ್ ಕೋರ್ಟು ದೇಶಾದ್ಯಂತ ಅದರ ಉತ್ಪಾದನೆ ಮತ್ತು ಮಾರಾಟವನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಮೊದಲ ಎಚ್ಚರಿಕೆಗೂ ನಿಷೇಧಕ್ಕೂ ನಡುವೆ ಸುಮಾರು ಮೂರು ದಶಕಗಳು. ಆ ಹೊತ್ತಿಗೆ ಮೊದಲ ಮಕ್ಕಳು, ಬದುಕುಳಿದಿದ್ದರೆ, ಹಾಸಿಗೆಯಲ್ಲೇ ಯೌವನ ದಾಟುತ್ತಿದ್ದರು.

ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಈಗಲೂ ಭಿನ್ನಾಭಿಪ್ರಾಯವಿದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇಲ್ಲಿನ ಪ್ರಶ್ನೆ ಬೇರೆ. ಇಪ್ಪತ್ತು ವರ್ಷಗಳ ಕಾಲ ಜನರ ನೀರಿನ ಮೇಲೆ, ಶಾಲೆಯ ಮಾಡಿನ ಮೇಲೆ ವಿಷ ಸುರಿಯುತ್ತಿದ್ದಾಗ ಸಾಬೀತುಪಡಿಸುವ ಹೊರೆಯನ್ನು ನಾವು ಯಾರ ಹೆಗಲ ಮೇಲಿಟ್ಟೆವು? ಸಿಂಪಡಿಸಿದವರು ಇದು ನಿರಪಾಯಕಾರಿ ಎಂದು ಸಾಬೀತುಪಡಿಸಬೇಕಾಗಿರಲಿಲ್ಲ. ಕನ್ನಡ, ತುಳು, ಮಲಯಾಳಂ, ಮರಾಠಿ, ಬ್ಯಾರಿ ಮಾತಾಡುವ ಬಡ ತಾಯಂದಿರು ಇದು ಅಪಾಯಕಾರಿ ಎಂದು ಸಾಬೀತುಪಡಿಸಬೇಕಿತ್ತು. ಅದೇ ಹೆಲಿಕಾಪ್ಟರ್ ತಿರುವನಂತಪುರದ ಅಥವಾ ಬೆಂಗಳೂರಿನ ಅಧಿಕಾರಿಗಳ ಬಡಾವಣೆಯ ಮೇಲೆ ಒಂದೇ ಒಂದು ದಿನ ಹಾರಾಡಿದ್ದರೆ? ಉತ್ತರ ನಮಗೆಲ್ಲರಿಗೂ ಗೊತ್ತು. ಯಾರ ಮಗು ಮಲಗಿದೆ ಎಂಬುದು ಅಪಾಯದ ಗಾತ್ರವನ್ನು ನಿರ್ಧರಿಸಿತು.

ಈಗ ಎರಡನೆಯ ಘಟನೆ. ಇದು ಹೇಳಲು ತುಸು ಕಷ್ಟದ ಮಾತು. ಯಾಕೆಂದರೆ ಇಲ್ಲಿ ತಪ್ಪಿದವರು ನಾವು.

2002ರಲ್ಲಿ ಭಾರತದಲ್ಲಿ ಸುಮಾರು 1,600 ಮಕ್ಕಳಿಗೆ ಪೋಲಿಯೊ ತಗಲಿತು. ಇದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಕ್ಕಳು ಉತ್ತರ ಪ್ರದೇಶದವರು. ಅವರ ಪೈಕಿ ಮುಸ್ಲಿಮ್ ಮಕ್ಕಳ ಸಂಖ್ಯೆ ಜನಸಂಖ್ಯೆಯ ಪ್ರಮಾಣಕ್ಕಿಂತ ಬಹಳ ಹೆಚ್ಚಿತ್ತು. ಪೋಲಿಯೊ ಹನಿಯಿಂದ ಮಕ್ಕಳು ಮುಂದೆ ಸಂತಾನಹೀನರಾಗುತ್ತಾರೆ, ಇದು ಮುಸ್ಲಿಮರ ಸಂಖ್ಯೆಯನ್ನು ಕುಗ್ಗಿಸುವ ಸಂಚು ಎಂಬ ವದಂತಿ ಪಶ್ಚಿಮ ಉತ್ತರ ಪ್ರದೇಶದ ಬಸ್ತಿಗಳಲ್ಲಿ ಹಬ್ಬಿತ್ತು. ಲಸಿಕೆಯವರು ಬಂದಾಗ ಬಾಗಿಲುಗಳು ಮುಚ್ಚಿಕೊಂಡವು. ವದಂತಿ ಸಂಪೂರ್ಣ ಸುಳ್ಳಾಗಿತ್ತು. ಆದರೆ ಕುಂಟಿದ ಕಾಲುಗಳು ನಿಜವಾಗಿದ್ದವು.

ಹಾಗಾದರೆ ಆ ತಾಯಂದಿರು ಮೂರ್ಖರಾಗಿದ್ದರೇ? ಹಾಗೆಂದು ತೀರ್ಮಾನಿಸುವುದು ಸುಲಭ. ಆದರೆ ಆ ಭಯಕ್ಕೊಂದು ಬೇರಿತ್ತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಎಷ್ಟೋ ಬಲವಂತದವು. ಮುಝಫ್ಫರ್‌ನಗರದಲ್ಲಿ ಇದನ್ನು ವಿರೋಧಿಸಿದವರ ಮೇಲೆ ಗೋಲಿಬಾರ್ ನಡೆಯಿತು. ಅಂದು ಬೆದರಿದ ತಂದೆಯಂದಿರ ಮಕ್ಕಳೇ ಇಂದು ತಾಯಂದಿರಾಗಿ ಬಾಗಿಲ ಹಿಂದೆ ನಿಂತಿದ್ದರು. ಅವರ ಇನ್ನೊಂದು ಪ್ರಶ್ನೆಯೂ ಇತ್ತು. ನಮ್ಮ ಬೀದಿಗೆ ಚರಂಡಿ ಕೊಡದ, ಜ್ವರ ಬಂದರೆ ವೈದ್ಯರನ್ನು ಕಳಿಸದ ಸರಕಾರ ಈ ಎರಡು ಹನಿಗಳಿಗಾಗಿ ಮಾತ್ರ ಮತ್ತೆ ಮತ್ತೆ ಮನೆ ಬಾಗಿಲಿಗೆ ಯಾಕೆ ಬರುತ್ತಿದೆ? ನಂಬಿಕೆ ಮುರಿದ ಕಡೆಯಲ್ಲಿ ಔಷಧವೂ ವಿಷದಂತೆ ಕಾಣುತ್ತದೆ. ಭಯಕ್ಕೆ ಕಾರಣವಿತ್ತು. ಆದರೆ ಅದು ತಪ್ಪು ವಸ್ತುವಿನ ಮೇಲೆ ಕುಳಿತಿತ್ತು. ಅದರ ಬೆಲೆ ತೆತ್ತವರು ಸರಕಾರದವರಲ್ಲ, ನಮ್ಮದೇ ಮಕ್ಕಳು.

ಆ ಬಾಗಿಲುಗಳು ಹೇಗೆ ತೆರೆದವು ಎಂಬುದು ಇನ್ನೂ ಮುಖ್ಯ. ಅಂಕಿಅಂಶಗಳ ಭಾಷಣದಿಂದ ತೆರೆಯಲಿಲ್ಲ. ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯ ಮತ್ತು ಜಾಮಿಯಾ ಮಿಲ್ಲಿಯಾದಂಥ ಸಂಸ್ಥೆಗಳು ಕೈಜೋಡಿಸಿದವು. ಉಲಮಾಗಳು ಹನಿಯ ಪರವಾಗಿ ಬರೆದುಕೊಟ್ಟರು. ಮಸೀದಿಯ ಧ್ವನಿವರ್ಧಕದಲ್ಲಿ ಲಸಿಕೆಯ ದಿನಗಳನ್ನು ಸಾರಲಾಯಿತು. ಅದೇ ಬೀದಿಯ, ಅದೇ ಭಾಷೆಯ ಮಹಿಳೆಯರು ಮನೆಮನೆಗೆ ಹೋಗಿ ಕುಳಿತು ಪ್ರಶ್ನೆಗಳನ್ನು ಆಲಿಸಿದರು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡ ಪ್ರಕರಣವೇ ಕೊನೆಯದಾಯಿತು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಬಂತು.

ಈ ಎರಡೂ ಘಟನೆಗಳ ಪಾಠವೊಂದೇ. ಸಮಾಜವು ಯಾವುದಕ್ಕೆ ಹೆದರುತ್ತದೆ ಎಂಬುದು ಆ ಸಮಾಜದಲ್ಲಿ ಯಾರು ಯಾರನ್ನು ನಂಬುತ್ತಾರೆ, ಯಾರ ಮಾತಿಗೆ ಬೆಲೆಯಿದೆ ಎಂಬುದರ ಪ್ರತಿಬಿಂಬ. ಕಾಸರಗೋಡಿನಲ್ಲಿ ಬಲ್ಲವರು ಬಡವರ ಸಾಕ್ಷ್ಯವನ್ನು ನಂಬಲಿಲ್ಲ. ಉತ್ತರ ಪ್ರದೇಶದಲ್ಲಿ ಬಡವರು ಬಲ್ಲವರ ಮಾತನ್ನು ನಂಬಲಿಲ್ಲ. ಎರಡೂ ಕಡೆ ಮಕ್ಕಳು ಹಾಸಿಗೆ ಹಿಡಿದರು. ಆದ್ದರಿಂದ, ತಜ್ಞರು ಹೇಳಿದ್ದೆಲ್ಲ ಸರಿ ಎಂಬುದೂ ಜನ ಹೆದರಿದ್ದೆಲ್ಲ ಸರಿ ಎಂಬುದೂ ಸಮಾನವಾಗಿ ಅಪಾಯಕಾರಿ ವಾದಗಳು.

ಅಂದಹಾಗೆ, ಸ್ಕೂಟರಿನ ಹುಡುಗನಿಗೆ ನಾವು ಯಾಕೆ ಹೆದರುವುದಿಲ್ಲ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಚಾನ್ಸಿ ಸ್ಟಾರ್ ಎಂಬ ಅಮೆರಿಕದ ಇಂಜಿನಿಯರ್ 1969ರಲ್ಲಿ ಒಂದು ವಿಚಾರ ಮಂಡಿಸಿದರು. ತಾವಾಗಿಯೇ ಆಯ್ದುಕೊಂಡ ಅಪಾಯವನ್ನು ಜನರು, ತಮ್ಮ ಮೇಲೆ ಹೇರಲಾದ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚಿದ್ದರೂ ಸಹಿಸಿಕೊಳ್ಳುತ್ತಾರೆ ಎಂಬುದು ಅವರ ಅಂದಾಜು. ಗೋಪುರವನ್ನು ಕಟ್ಟುವುದು ಹೊರಗಿನವರು. ಸ್ಕೂಟರಿನ ಕೀಲಿಕೈ ಕೊಟ್ಟದ್ದು ನಾವು. ಗೋಪುರಕ್ಕೆ ಹೆದರಿದರೆ ದೂರಲು ಒಂದು ಕಂಪೆನಿ ಸಿಗುತ್ತದೆ. ಸ್ಕೂಟರಿಗೆ ಹೆದರಿದರೆ ದೂರಬೇಕಾದುದು ನಮ್ಮನ್ನೇ. ಅಡುಗೆಮನೆಯ ಹೊಗೆಯದ್ದೂ ಇದೇ ಕತೆ. ಅದನ್ನು ಕುಡಿಯುವವರು ಹೆಂಗಸರು ಮತ್ತು ಅವರ ಸೊಂಟದ ಮೇಲಿರುವ ಕೂಸುಗಳು. ಮೊಹಲ್ಲಾದ ಸಭೆಯಲ್ಲಿ ಅವರಿಗೆ ಕುರ್ಚಿಯಿರುವುದಿಲ್ಲ. ಎಣ್ಮಕಜೆಯ ತಾಯಂದಿರ ಮಾತನ್ನು ರಾಜಧಾನಿ ಕೇಳಲಿಲ್ಲ ಎಂದು ನಾವು ನೊಂದುಕೊಳ್ಳುತ್ತೇವೆ. ಆದರೆ ನಮ್ಮ ಮನೆಯೊಳಗೆ ಕೆಮ್ಮುತ್ತಿರುವವಳ ಮಾತನ್ನು ನಾವು ಎಷ್ಟು ಕೇಳಿದ್ದೇವೆ?

ಇಸ್ಲಾಮಿನ ಇತಿಹಾಸದಲ್ಲಿ ಇದಕ್ಕೆ ಹೊಂದುವ ಒಂದು ಪ್ರಸಂಗವಿದೆ. ಖಲೀಫ ಉಮರ್(ರ) ಸಿರಿಯಾದ ಕಡೆಗೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ, ಮುಂದಿನ ನಾಡಿನಲ್ಲಿ ಪ್ಲೇಗ್ ಹಬ್ಬಿದೆ ಎಂಬ ಸುದ್ದಿ ಸಿಕ್ಕಿತು. ಅವರು ಒಬ್ಬರೇ ಕುಳಿತು ನಿರ್ಧರಿಸಲಿಲ್ಲ. ಮೊದಲು ಮುಹಾಜಿರ್‌ಗಳನ್ನು ಕರೆದರು. ಅವರಲ್ಲಿ ಒಮ್ಮತ ಮೂಡಲಿಲ್ಲ. ಬಳಿಕ ಅನ್ಸಾರ್‌ಗಳನ್ನು ಕರೆದರು. ಅವರಲ್ಲೂ ಎರಡು ಅಭಿಪ್ರಾಯಗಳಿದ್ದವು. ಕೊನೆಗೆ ಕುರೈಶ್‌ನ ಹಿರಿಯರನ್ನು ಕರೆದರು. ಅವರು ಒಕ್ಕೊರಲಿನಿಂದ ಮರಳುವುದೇ ಲೇಸೆಂದರು. ಉಮರ್(ರ) ಮರಳಲು ನಿರ್ಧರಿಸಿದಾಗ ಅಬೂ ಉಬೈದಾ(ರ) ಆಕ್ಷೇಪವೆತ್ತಿದರು. ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಹಸಿರು ಮತ್ತು ಬರಡು ಎಂಬ ಎರಡು ಇಳಿಜಾರುಗಳಿರುವ ಕಣಿವೆಯಲ್ಲಿ ಒಂಟೆಯನ್ನು ಯಾವ ಕಡೆ ಮೇಯಿಸಿದರೂ ಅದು ವಿಧಿಯೊಳಗೇ ಇರುತ್ತದೆ ಎಂಬ ಉಪಮೆಯೊಂದಿಗೆ ಉಮರ್(ರ) ಉತ್ತರಿಸಿದರು. ಅಷ್ಟರಲ್ಲಿ ಅಲ್ಲಿರದಿದ್ದ ಅಬ್ದುರ‍್ರಹ್ಮಾನ್ ಬಿನ್ ಔಫ್(ರ) ಬಂದರು. ಪ್ಲೇಗ್ ಇರುವ ಊರಿಗೆ ಹೋಗಬಾರದು, ಇದ್ದ ಊರಿನಲ್ಲಿ ಹಬ್ಬಿದರೆ ಅಲ್ಲಿಂದ ಓಡಬಾರದು ಎಂಬ ಅರ್ಥದ ಪ್ರವಾದಿ(ಸ) ವಚನವನ್ನು ತಾನು ಕೇಳಿರುವುದಾಗಿ ತಿಳಿಸಿದರು. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಹಿಂದಿರುಗಿದರು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶಗಳು ಹಲವು. ಭಯವನ್ನು ಅವರು ಈಮಾನಿನ ಕೊರತೆಯೆಂದು ತಳ್ಳಿಹಾಕಲಿಲ್ಲ. ಹಾಗೆಂದು ವದಂತಿಯ ಬೆನ್ನೇರಿ ಓಡಲೂ ಇಲ್ಲ. ಬೇರೆ ಬೇರೆ ಗುಂಪುಗಳ ಮಾತು ಕೇಳಿದರು. ಭಿನ್ನಮತವನ್ನು ಆಲಿಸಿದರು. ಪ್ರಶ್ನೆಗೆ ಸಿಟ್ಟಾಗದೆ ಕಾರಣ ಕೊಟ್ಟರು. ಬಲ್ಲವರು ಬಂದಾಗ ಅವರ ಜ್ಞಾನಕ್ಕೆ ಬೆಲೆ ಕೊಟ್ಟರು. ಇಂದಿನ ಯಾವ ಸಮಿತಿಯಾದರೂ ಇಷ್ಟನ್ನು ಮಾಡಿದರೆ ಸಾಕು.

ನಮ್ಮ ಕುಟುಂಬ ಮತ್ತು ಜಮಾಅತ್‌ಗಳ ಮಟ್ಟದಲ್ಲಿ ಇದನ್ನು ಜಾರಿಗೆ ತರುವುದು ಅಸಾಧ್ಯವೇನಲ್ಲ. ಅಪಾಯದ ಸುದ್ದಿಯೊಂದು ಬಂದಾಗ ಅದನ್ನು ಮುಂದಕ್ಕೆ ಕಳಿಸುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳೋಣ. ಇದನ್ನು ಹೇಳುತ್ತಿರುವವರು ಯಾರು, ಅವರಿಗೆ ಹೇಗೆ ಗೊತ್ತಾಯಿತು? ಸುದ್ದಿಯನ್ನು ಪರಿಶೀಲಿಸಬೇಕೆಂಬುದು ಅಲ್ ಹುಜುರಾತ್ ಅಧ್ಯಾಯದ ಆದೇಶವೂ ಹೌದು. ಈ ಅಪಾಯದ ಲಾಭ ಯಾರಿಗೆ, ನಷ್ಟ ಯಾರಿಗೆ? ಅದಕ್ಕೆ ಅತ್ಯಂತ ಹತ್ತಿರವಿರುವವರನ್ನು ಯಾರಾದರೂ ವಿಚಾರಿಸಿದ್ದಾರೆಯೇ? ಈ ಭಯದಿಂದ ನಾವು ಯಾರನ್ನು ದೂರುತ್ತಿದ್ದೇವೆ, ಅದಕ್ಕೆ ಪುರಾವೆಯಿದೆಯೇ? ಮತ್ತು ಇದಕ್ಕಿಂತ ದೊಡ್ಡದಾದ, ಆದರೆ ನಮ್ಮದೇ ಕೈಯಲ್ಲಿರುವ ಅಪಾಯವೊಂದರಿಂದ ಕಣ್ಣು ತಪ್ಪಿಸಲು ನಾವು ಇದನ್ನು ಹಿಡಿದುಕೊಂಡಿಲ್ಲವಷ್ಟೇ?

ಮೊಹಲ್ಲಾದಲ್ಲಿ ವೈದ್ಯರು, ಇಂಜಿನಿಯರುಗಳು, ದಾದಿಯರು, ಶಿಕ್ಷಕಿಯರು ಇದ್ದಾರೆ. ಜಮಾಅತ್ ಸಮಿತಿಯವರು ವರ್ಷಕ್ಕೊಮ್ಮೆ ಇವರನ್ನು ಕೂರಿಸಿ, ನಮ್ಮ ಊರಿನಲ್ಲಿ ಕಳೆದ ವರ್ಷ ಸತ್ತವರು ಯಾಕೆ ಸತ್ತರು, ಮಕ್ಕಳು ಯಾಕೆ ಆಸ್ಪತ್ರೆ ಸೇರಿದರು ಎಂದು ಬರೆದಿಡಲಿ. ಪಟ್ಟಿ ಬರೆಯುವಾಗ ಹೆಂಗಸರ ಮಾತನ್ನೂ ಕೇಳಲಿ. ಅದನ್ನು ನಾವು ಸದ್ಯ ಹೆದರುತ್ತಿರುವ ವಿಷಯಗಳ ಪಕ್ಕದಲ್ಲಿಟ್ಟು ನೋಡಲಿ. ಎರಡೂ ಪಟ್ಟಿಗಳು ಒಂದೇ ಆಗಿರಲಾರವು. ಆಗ ಗೋಪುರದ ಮನವಿಗೆ ಸಹಿ ಹಾಕುವವರು ಹಾಕಲಿ, ಅದು ಅವರ ಹಕ್ಕು. ಆದರೆ ಸಭೆ ಮುಗಿಯುವ ಮುನ್ನ ಯಾರಾದರೊಬ್ಬರು ಎದ್ದು ಹೋಗಿ ಆ ಹುಡುಗನ ಕೈಯಿಂದ ಸ್ಕೂಟರಿನ ಕೀಲಿಕೈಯನ್ನು ತೆಗೆದುಕೊಳ್ಳಲಿ.